ಇಳಿಸದ ಬಾವುಟ

ಮೇ 2, ಮಂಗಳವಾರ, ಬೆಳಿಗ್ಗೆ 7

ಜಿಟಿಜಿಟಿ ಮಳೆ. ಎರಡನೇ ಲೋಟ ಕಾಫಿ. ಮಾಜಿ ಸೈನಿಕರ ಭವನದ ಮೀಟಿಂಗ್ ವರದಿ ಬರೆದು ಮುಗಿಸಿದೆ. ಇಪ್ಪತ್ತೆರಡು ವರ್ಷದಿಂದ ಕಾರ್ಯದರ್ಶಿ, ಒಂದು ಸಲವೂ ತಡ ಮಾಡಿಲ್ಲ.

ಎದುರುಮನೆ ವೆರ್ನ್ ಟೆಶ್ ಅಂಗಳದ ದೇಶದ ಬಾವುಟ ಇಳಿಸಿಲ್ಲ. ರಾತ್ರಿಯೆಲ್ಲ ಕಂಬದ ಮೇಲೇ ಇತ್ತು. ಈಗ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದೆ. ಕತ್ತಲಾಗುವ ಮುಂಚೆ ಇಳಿಸಬೇಕು, ಮಳೆಯಲ್ಲಿ ಹಾರಿಸಬಾರದು — ಈ ಊರಿನ ಮಕ್ಕಳಿಗೆಲ್ಲ ಹೇಳಿಕೊಟ್ಟವಳು ನಾನು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನಿಗೂ ಹೇಳಿಕೊಡಬೇಕಾ?

ಒಂಟಿ ಮುದುಕ, ಮೊಂಡ. ಆದರೂ ಕಳೆದ ತಿಂಗಳು ಊರ ಸಭೆಯಲ್ಲಿ ನನ್ನ ಪರ ನಿಂತವನು ಅವನೇ. ಒಂಟಿಯಾಗಿರುವ ವಯಸ್ಸಾದವರಿಗೆ ಕೌಂಟಿ ಆಡಳಿತದಿಂದ ದಿನಾ ಬೆಳಿಗ್ಗೆ ಒಂದು ಫೋನ್ ಬರುತ್ತದಂತೆ, ಎತ್ತದಿದ್ದರೆ ಮನೆಗೇ ಬರುತ್ತಾರಂತೆ — ಹಾಗೊಂದು ಯೋಜನೆ. ನಾನು ಎದ್ದು ನಿಂತು ಹೇಳಿದೆ: ನಮಗೆ ನೆರೆಹೊರೆಯವರಿದ್ದಾರೆ, ಸರ್ಕಾರ ನಮ್ಮ ಅಡುಗೆಮನೆಗೆ ಇಣುಕುವುದು ಬೇಡ. ವೆರ್ನ್ ಹಿಂದಿನ ಸಾಲಿನಿಂದ ಕೂಗಿದ, “ಹಾಗ್ ಹೇಳು ಲೋರ್ನಾ. ನಾನು ಬದುಕಿದ್ದೀನಾ ಅಂತ ಅವರ್ಯಾಕೆ ಕೇಳಬೇಕು? ತೆರಿಗೆ ಕಟ್ತಿದ್ದೀನಲ್ಲ, ಅಷ್ಟರಲ್ಲೇ ಗೊತ್ತಾಗಲ್ವಾ?” ಸಭೆಯೆಲ್ಲ ನಕ್ಕಿತು. ಯೋಜನೆ ಬಿದ್ದುಹೋಯಿತು.

ಮೇ 3, ಬುಧವಾರ

ಬಾವುಟ ಇನ್ನೂ ಅಲ್ಲೇ. ಎರಡು ರಾತ್ರಿ. ಸಿಟ್ಟು ನೆತ್ತಿಗೇರಿತು.

ಚೀಟಿ ಬರೆದೆ. “ಈ ಬಾವುಟ ಹೊದ್ದು ಮನೆಗೆ ಬಂದವರು ನಿಮ್ಮ ಗೆಳೆಯರೇ. ಅವರಿಗಾದರೂ ಮರ್ಯಾದೆ ಕೊಡಿ. ಇಳಿಸಲು ಆಗದಿದ್ದರೆ ಹಾರಿಸಬೇಡಿ.” ಅಭ್ಯಾಸದಂತೆ ತಾರೀಖು ಹಾಕಿದೆ, ಹೆಸರು ಹಾಕಲಿಲ್ಲ. ಸ್ವಲ್ಪ ಯೋಚಿಸಲಿ ಅವನೂ.

ಹತ್ತು ಗಂಟೆಗೆ ಹೋಗಿ ಬಾಗಿಲಿಗೆ ಅಂಟಿಸಿ ಬಂದೆ. ಗೇಟಿನಲ್ಲಿ “ಅಪ್ಪಣೆಯಿಲ್ಲದೆ ಒಳಗೆ ಬರಬೇಡಿ” ಅನ್ನುವ ಫಲಕ ಇದೆಯಲ್ಲ, ಹಾಗಾಗಿ ಬಾಗಿಲು ತಟ್ಟಲಿಲ್ಲ. ಗಾಡಿ ನಿಂತಿತ್ತು, ಒಳಗೆ ಟಿವಿ ಮಾತಾಡುತ್ತಿತ್ತು. ಮನೆಯಲ್ಲೇ ಇದ್ದ.

ಮೇ 5, ಶುಕ್ರವಾರ

ವೆರ್ನ್ ಸತ್ತ.

ಶುಕ್ರವಾರದ ಇಸ್ಪೀಟಿಗೆ ಕರೆಯಲು ಹೋದ ವಾಲ್ಟ್ ಬ್ರೂನಿಂಗ್ ನೋಡಿದ್ದು. ಅಡುಗೆಮನೆ ನೆಲದ ಮೇಲೆ. ಪಾರ್ಶ್ವವಾಯು. ವಾಲ್ಟ್ ಭವನದ ಮುಖ್ಯಸ್ಥ, ವೆರ್ನ್‌ನ ಜೊತೆ ಐವತ್ತು ವರ್ಷದ ಸ್ನೇಹ. ಶೆರಿಫ್ ಕಚೇರಿಯ ಪೊಲೀಸರು ಬರುವ ತನಕ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ನನ್ನ ಚೀಟಿ. ಅದನ್ನು ಅವರಿಗೆ ಕೊಟ್ಟ. ಕಿಟಕಿಯಿಂದ ನೋಡಿದೆ. ಬಾವುಟವನ್ನೂ ಅವನೇ ಇಳಿಸಿದ, ಒಬ್ಬನೇ, ನೆಲಕ್ಕೆ ತಾಗದ ಹಾಗೆ.

ಮೇ 7, ಭಾನುವಾರ

ಚರ್ಚ್ ಬಾಗಿಲಲ್ಲೇ ಸುದ್ದಿ. ಬಿದ್ದದ್ದು ಸೋಮವಾರ ಸಂಜೆಯಂತೆ. ಜೀವ ಹೋದದ್ದು ಗುರುವಾರ ಬೆಳಗಿನ ಜಾವವಂತೆ.

ಬುಧವಾರ ಹತ್ತು ಗಂಟೆ... ಎಷ್ಟು ಸಲ ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ.

ಮೇ 10, ಬುಧವಾರ

ಮಣ್ಣು ಮಾಡಿ ಬಂದೆವು. ಚರ್ಚ್ ನೆಲಮಾಳಿಗೆಯಲ್ಲಿ ಊಟ. ಹ್ಯಾಮ್ ಸ್ಯಾಂಡ್‌ವಿಚ್, ಆಲೂಗಡ್ಡೆ, ನಾನು ಮಾಡಿದ ಪೈ. ನನ್ನ ಪೈ ಎಲ್ಲರೂ ಹೊಗಳಿದರು. ಬಾಯಿಗೆ ಇಡಲಾಗಲಿಲ್ಲ.

ವೆರ್ನ್ ಮಗಳು ಜನೀನ್ ಡೆನ್ವರ್‌ನಿಂದ ಬಂದಿದ್ದಾಳೆ. ಎದ್ದು ನಿಂತು, ಶೆರಿಫ್ ಕಚೇರಿಯವರು ಕೊಟ್ಟ ಚೀಟಿ ಓದಿದಳು. ದನಿ ಏರಿಸಲಿಲ್ಲ. “ಇದನ್ನ ಬರೆದೋರು ನಮ್ಮಪ್ಪ ಉಸಿರಾಡ್ತಿದ್ದಾಗ ಬಾಗಿಲ ತನಕ ಬಂದಿದ್ರು. ಯಾರು ಅಂತ ತಿಳಿದ್ರೆ ಸಾಕು. ಜಗಳ ಆಡೋಕಲ್ಲ.”

ನಾನು ತಟ್ಟೆ ತೊಳೆಯಲು ಹೋದೆ. ಹಿಂದೆ ಯಾರೋ ಪಿಸುಗುಟ್ಟಿದರು, “ಬಾವುಟದ ಹುಚ್ಚು ಇನ್ಯಾರಿಗಿದೆ? ವಾಲ್ಟ್‌ದೇ ಕೆಲಸ. ಹೋದ ವರ್ಷ ಹರಿದ ಬಾವುಟ ಹಾರಿಸಿದ್ದಕ್ಕೆ ದಿನಸಿ ಅಂಗಡಿಯವನ ಮಾನ ಕಳೆದಿದ್ನಲ್ಲ.”

ಮೇ 14, ಭಾನುವಾರ

ಊರೆಲ್ಲ ಅದೇ ಮಾತು. ಜನೀನ್ ನೇರವಾಗಿ ಕೇಳಿದಳಂತೆ. ವಾಲ್ಟ್ ಹೇಳಿದನಂತೆ, “ನಾನು ಬರೆದಿಲ್ಲಮ್ಮ.” ಹಾಗಾದರೆ ಯಾರು? “ಅದನ್ನ ನಾನು ಹೇಳೋದಲ್ಲ.” ಅಷ್ಟಕ್ಕೇ ಎಲ್ಲರಿಗೂ ಖಾತ್ರಿಯಾಗಿದೆ. ಇವತ್ತು ಚರ್ಚ್‌ನಲ್ಲಿ ಅವನ ಬೆಂಚಿನಲ್ಲಿ ಅವನೊಬ್ಬನೇ. ನಾನೂ ಹೋಗಿ ಕೂರಲಿಲ್ಲ.

ತಾನು ಮಾಡಿದ್ದಕ್ಕೆ ತಾನೇ ಹೊಣೆ — ಶಾಲಾ ಮಂಡಳಿಯಲ್ಲಿ, ಊರ ಸಭೆಯಲ್ಲಿ, ನನ್ನ ಮಕ್ಕಳಿಗೆ, ಎಷ್ಟು ಸಲ ಹೇಳಿದ್ದೇನೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ಮೇ 18, ಗುರುವಾರ

ಊರ ಸಭೆ. ಬೆಳಗಿನ ಫೋನಿನ ಯೋಜನೆ ಮತ್ತೆ ಬಂತು. ಎಲ್ಲರೂ ನನ್ನ ಕಡೆ ತಿರುಗಿದರು. “ಏನಂತೀಯ ಲೋರ್ನಾ? ನೀನು ಹೇಳಿದ ಹಾಗೆ.”

ಈಗಲೂ ನಂಬಿದ್ದೇನೆ. ನೆರೆಯವರು ಇದ್ದರೆ ಸರ್ಕಾರ ಬೇಡ. ಆದರೆ ವೆರ್ನ್‌ಗೆ ಇದ್ದ ನೆರೆಯವಳು ನಾನು.

ತಲೆನೋವು ಅಂತ ಎದ್ದು ಬಂದೆ.

ಮೇ 22, ಸೋಮವಾರ, ಬೆಳಿಗ್ಗೆ 10

ಚೀಟಿ ಅಂಟಿಸಿದ ದಿನ ಬರೆಯದೆ ಬಿಟ್ಟಿದ್ದನ್ನು ಇವತ್ತು ಬರೆಯುತ್ತೇನೆ.

ಟೇಪ್ ಅಂಟಿಸುವಾಗ ಸದ್ದು ಕೇಳಿತ್ತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಟಕ್ ಟಕ್. ಬಾವುಟದ ಹಗ್ಗದ ಕೊಂಡಿ ಕಂಬಕ್ಕೆ ಬಡಿಯುತ್ತಿದೆ ಅಂದುಕೊಂಡೆ. ನೋಡು, ಆ ಸದ್ದಿಗಾದರೂ ನೆನಪಾಗಬಾರದಾ ಇವನಿಗೆ, ಅಂತ ಬೈದುಕೊಂಡೇ ಮೆಟ್ಟಿಲಿಳಿದೆ.

ಅವತ್ತು ಗಾಳಿ ಇರಲಿಲ್ಲ. ಬಾವುಟ ಅಲ್ಲಾಡುತ್ತಿರಲಿಲ್ಲ, ನಾನೇ ನೋಡಿದ್ದೇನೆ.

ಶನಿವಾರ ಜನೀನ್ ಆ ಕಂಬ ಕೀಳಿಸಿದಳು. ಹೊಂಡಕ್ಕೆ ಮಣ್ಣೂ ತುಂಬಿಸಿದಳು. ಈಗ ಹತ್ತು ಗಂಟೆ. ಅದೇ ಸದ್ದು ನನ್ನ ಮನೆಯಲ್ಲೂ ಇದೆ. ಫ್ರಿಜ್ ಆರಿಸಿದೆ. ಗಡಿಯಾರ ತೆಗೆದು ಹೊರಗಿಟ್ಟೆ. ಇನ್ನೂ ಇದೆ. ಭಯವಾಗುತ್ತಿದೆ ನನಗೆ.

ಮೇ 26, ಶುಕ್ರವಾರ

ವಾಲ್ಟ್ ಮನೆಗೆ ಹೋದೆ. ಸೋಮವಾರ ಯೋಧರ ಸ್ಮರಣೆಯ ದಿನ. ಗೌರವಕ್ಕೆ ಗುಂಡು ಹಾರಿಸುವ ಸಾಲಿನಲ್ಲಿ ಅವನು ಇರುವುದು ಬೇಡ ಅಂತ ಭವನದವರು ತೀರ್ಮಾನಿಸಿದ್ದಾರೆ. ಆ ತೀರ್ಮಾನ ಬರೆದುಕೊಂಡವಳೂ ನಾನೇ, ಕಾರ್ಯದರ್ಶಿಯಲ್ಲವೇ.

ಅಂಗಳದಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಹೇಳಿದ, “ಇಪ್ಪತ್ತೆರಡು ವರ್ಷದಿಂದ ನಿನ್ನ ವರದಿಗೆ ಸಹಿ ಹಾಕ್ತಿದ್ದೀನಿ. ನಿನ್ನ ಕೈಬರಹ ನನಗೆ ಗೊತ್ತಿಲ್ವಾ?”

“ಮತ್ಯಾಕೆ ಸುಮ್ಮನಿದ್ದೆ ವಾಲ್ಟ್?”

“ನಿನ್ನ ಮಾತು ನೀನಾಡಬೇಕು. ನಾನಾಡಿದ್ರೆ ಅದು ಚಾಡಿ.”

“ಊರೆಲ್ಲ ನಿನ್ನನ್ನ ಉಗಿತಿದೆ.”

“ಉಗೀಲಿ. ನನಗೆ ನಿದ್ದೆ ಬರುತ್ತೆ. ನಿನಗೆ?”

ಅಲ್ಲೇ ಕೂತು ಅತ್ತೆ. ಅವನು ಸಮಾಧಾನ ಮಾಡಲಿಲ್ಲ. ಬೂಟಿನ ಇನ್ನೊಂದು ಕಾಲು ಎತ್ತಿಕೊಂಡ.

ಮೇ 29, ಸೋಮವಾರ

ಹೇಳಿಬಿಟ್ಟೆ. ಸ್ಮಶಾನದಲ್ಲಿ, ಎಲ್ಲರೆದುರು. ಸತ್ತವರ ಹೆಸರು ಓದುವ ಕೆಲಸ ಪ್ರತಿ ವರ್ಷ ನನ್ನದು. ವೆರ್ನ್ ಹೆಸರು ಕೊನೆಯದು. ಓದಿ, ಕಾಗದ ಮಡಿಸಿ ಹೇಳಿದೆ: ಆ ಚೀಟಿ ನನ್ನದು, ವಾಲ್ಟ್‌ದಲ್ಲ, ನಾನು ಬಾಗಿಲ ತನಕ ಹೋಗಿ ತಟ್ಟದೆ ಬಂದವಳು.

ಭವನದವನೊಬ್ಬ ತನ್ನ ಬಂದೂಕು ವಾಲ್ಟ್ ಕೈಗೆ ಕೊಟ್ಟು ಪಕ್ಕಕ್ಕೆ ಸರಿದ. ವಾಲ್ಟ್ ನನ್ನ ಕಡೆ ನೋಡಲಿಲ್ಲ. ಮೂರು ಸುತ್ತು ಗುಂಡು.

ಆಮೇಲೆ ಜನೀನ್ ಬಂದಳು. ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಕೈ ಹಿಡಿದುಕೊಂಡಳು.

“ನಿಮಗೆ ಗೊತ್ತಿರ್ಲಿಲ್ಲ ಮಿಸೆಸ್ ಡೀಟ್ಸ್. ಗೊತ್ತಿದ್ರೆ ಬಾಗಿಲು ಒಡೆದಾದ್ರೂ ಒಳಗೆ ಹೋಗ್ತಿದ್ರಿ. ನಮ್ಮಪ್ಪನೂ ಕಮ್ಮಿಯಿಲ್ಲ, ಆ ಫಲಕ ಹಾಕಿ ಕೂತಿದ್ದೋರು.” ಕೈ ಬಿಡದೆಯೇ, “ಒಂದೇ ಒಂದು ಕೇಳ್ತೀನಿ. ನೀವು ಅಲ್ಲಿ ನಿಂತಿದ್ದಾಗ ಒಳಗಿಂದ ಏನಾದ್ರೂ ಸದ್ದು ಕೇಳ್ತಾ?”

“ಟಿವಿ.”

“ಅಷ್ಟೇನಾ?”

“ಅಷ್ಟೇ.”

ಕಣ್ಣು ಮುಚ್ಚಿ ಉಸಿರು ಬಿಟ್ಟಳು. “ಸದ್ಯ. ಹಾಗಾದ್ರೆ ಅಪ್ಪಂಗೆ ಎಚ್ಚರ ಇರ್ಲಿಲ್ಲ. ಯಾರಾದ್ರೂ ಬರ್ತಾರೆ ಅಂತ ಕಾದಿಲ್ಲ. ಇಷ್ಟು ದಿನ ಅದೊಂದೇ ನನ್ನ ತಿಂತಿತ್ತು.”

ನನ್ನನ್ನು ಅಪ್ಪಿಕೊಂಡಳು. ಊರಿನವರೂ ಒಬ್ಬೊಬ್ಬರೇ ಬಂದು ಭುಜ ತಟ್ಟಿದರು. ಧೈರ್ಯವಂತೆ ಅಂದರು.

ಮೇ 30, ಮಂಗಳವಾರ, ಬೆಳಿಗ್ಗೆ 9

ಜನೀನ್ ಕಾರಿಗೆ ಪೆಟ್ಟಿಗೆ ತುಂಬುತ್ತಿದ್ದಾಳೆ. ಇವತ್ತೇ ಹೊರಡುತ್ತಾಳೆ. ಇಡೀ ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಿದ್ದೆ ಮಾಡಿದ ಕಳೆ.

ನಿಜ ಹೇಳಿದರೆ ನನಗೆ ಹಗುರ. ಅವಳಿಗೆ ಬದುಕಿರುವ ತನಕ ಭಾರ. ಹೇಳದಿದ್ದರೆ ಅವಳು ನೆಮ್ಮದಿಯಾಗಿರುತ್ತಾಳೆ, ಒಂದು ಸುಳ್ಳಿನ ಮೇಲೆ. ಯಾವುದು ಮರ್ಯಾದೆ? ರೋಲಂಡ್ ಬದುಕಿದ್ದರೆ ಕೇಳುತ್ತಿದ್ದೆ. ಗಂಡ ಸತ್ತ ಮೇಲೆ ಎಲ್ಲವನ್ನೂ ನಾನೇ ತೀರ್ಮಾನಿಸಿದ್ದೇನೆ, ಇದೊಂದು ಆಗುತ್ತಿಲ್ಲ. ವಾಲ್ಟ್‌ನನ್ನು ಕೇಳಿದರೆ ಏನು ಹೇಳುತ್ತಾನೆ ಅಂತ ಗೊತ್ತು.

ಡಿಕ್ಕಿ ಮುಚ್ಚಿದಳು. ಬೀಗದ ಕೈ ಹಿಡಿದುಕೊಂಡು ರಸ್ತೆ ದಾಟಿ ಇತ್ತಲೇ ಬರುತ್ತಿದ್ದಾಳೆ. ಮನೆ ನೋಡಿಕೊಳ್ಳಿ ಅಂತ ನನ್ನ ಕೈಗೇ ಕೊಡುತ್ತಾಳೆ. ಬಾಯಿ ತಪ್ಪಬಾರದು, ಮೊದಲ ಮಾತು ಬರೆದಿಟ್ಟುಕೊಳ್ಳುತ್ತೇನೆ —

ಜನೀನ್, ನಿಮ್ಮಪ್ಪ ಕರೆದಿದ್ದ. ನಾನು