ಉಡಚಮ್ಮನ ಸೋರೆಕಾಯಿ

ಹರಿಹರ
೧೨ ಏಪ್ರಿಲ್ ೧೯೫೯, ಭಾನುವಾರ

ಚಿ. ಹಂಪವ್ವನಿಗೆ ನಿನ್ನ ಸೋದರಮಾವ ಸೂರಪ್ಪನ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ ಕೂಸೇ. ನಿನ್ನ ಅತ್ತೆ ರಂಗವ್ವ ಕ್ಷೇಮ, ಎತ್ತುಗಳು ಕ್ಷೇಮ, ಹೊಳೆ ರಸ್ತೆಯ ನನ್ನ ಬಿದಿರಂಗಡಿಯೂ ಕ್ಷೇಮ. ನನಗೊಬ್ಬನಿಗೇ ಒಂದು ವಾರದಿಂದ ಬಾಯೆಲ್ಲ ಕಹಿ. ಮೊನ್ನೆ ಯುಗಾದಿಯ ದಿನ ಬೇವು ಒಂದೇ ಸೇರಿತು, ಹೋಳಿಗೆ ಸೇರಲಿಲ್ಲ. ತುತ್ತು ಎತ್ತಿದರೆ ಹೋದ ಭಾನುವಾರದ ಶಾಮಿಯಾನ ಕಣ್ಣ ಮುಂದೆ ಬರುತ್ತದೆ, ತಟ್ಟೆ ದೂಡಿಬಿಡುತ್ತೇನೆ. ಹೇಸಿಗೆ ಎಂದರೇನು ಎಂದು ಐವತ್ತೆರಡು ವರ್ಷಕ್ಕೆ ಗೊತ್ತಾಯಿತು.

ನಿನ್ನ ಕಾಗದ ಬುಧವಾರವೇ ಬಂತು. ನೀನು ಕೇಳಿರುವುದು ಒಂದೇ ಮಾತು. "ಮಾವ, ಮೊಸಳೆಯನ್ನು ನೀವು ಕಣ್ಣಾರೆ ಕಂಡದ್ದು ನಿಜವೇ? ನಿಜವಾದರೆ ಗಿರಣಿ ಮಕ್ಕಳಿಗೆ ಈಜು ಕಲಿಸುವ ಆಸೆಯನ್ನು ಇಲ್ಲಿಗೇ ಬಿಡುತ್ತೇನೆ. ಹದಿನೆಂಟಕ್ಕೆ ಸಮಿತಿಯ ಸಭೆ ಇದೆ, ಅದರೊಳಗೆ ಬರೆಯಿರಿ" ಎಂದಿದ್ದೀ. ನಾಲ್ಕು ದಿನ ಉತ್ತರ ಬರೆಯಲಿಲ್ಲ. ಬರೆಯಲು ಬಾರದೆ ಅಲ್ಲ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವನು ನಾನು. ಇನ್ಸ್‌ಪೆಕ್ಟರು ಬಂದಾಗ ನಮ್ಮ ಮಾಸ್ತರು ಮೊದಲು ತೋರಿಸುತ್ತಿದ್ದದ್ದು ನನ್ನ ಕಾಪಿ ಪುಸ್ತಕವನ್ನೇ. ಆದರೆ ಈ ವಿಷಯಕ್ಕೆ ಪೆನ್ನು ಹಿಡಿದರೆ ಕೋಪ ಮೊದಲು ಬರುತ್ತದೆ, ಅಕ್ಷರ ಆಮೇಲೆ.

ಆ ದಿನ ನೀನು ಬಂದಿದ್ದೆ, ನಿಜ. ಆದರೆ ನಿನ್ನನ್ನು ದೂರದ ಹುಣಸೆಮರದ ಕೆಳಗೆ ಉಪ್ಪಿಟ್ಟು ಬಡಿಸಲು ನಿಲ್ಲಿಸಿದ್ದರಲ್ಲ! ಇಡೀ ಯೋಚನೆ ನಿನ್ನದು. ಗಿರಣಿ ಹಿಂದಿನ ಸಾಲುಮನೆಗಳ ಮಕ್ಕಳಿಗೆ ಆಡಲು ಹತ್ತಿಯ ಧೂಳು ತುಂಬಿದ ಓಣಿ ಬಿಟ್ಟರೆ ಬೇರೆ ಜಾಗವಿಲ್ಲ, ಒಂಬತ್ತು ಮೈಲಿ ದೂರದ ಹೊಳೆಯನ್ನು ಅವರು ಕಣ್ಣಲ್ಲಿ ಕಂಡೇ ಇಲ್ಲ ಎಂದು ಅಲೆದಾಡಿ ನಿಮ್ಮೂರ ಸಾಹುಕಾರರ ಸೇವಾ ಸಮಿತಿಯವರನ್ನು ಒಪ್ಪಿಸಿದವಳು ನೀನು. ಕೊನೆಗೆ ನಿನ್ನ ಕೈಗೆ ಸೌಟು ಕೊಟ್ಟರು. ದಡದಲ್ಲಿ ಏನೇನಾಯಿತು ಎಂದು ನಿನಗೆ ಕಾಣಲಿಲ್ಲ. ಅದಕ್ಕೇ ಬರೆಯುತ್ತೇನೆ, ಓದು.

ಶಿವರಾತ್ರಿಗೆ ಬಂದಾಗ ನೀನು ಹೇಳಿದ್ದು ನೆನಪಿದೆಯೇ? ಲಾರಿ ಕೊಡಲು ಸಮಿತಿ ತಯಾರಿದೆ, ಆದರೆ ಈಜು ಬಲ್ಲ ಒಬ್ಬರು ಮಕ್ಕಳ ಜವಾಬ್ದಾರಿ ನನ್ನದು ಎಂದು ಸಹಿ ಹಾಕಬೇಕು ಎಂದೆ. ನೀನು ಹರಿಗೋಲಿನ ಬುಡನ್ ಸಾಬನ ಹೆಸರು ಬರೆದುಕೊಟ್ಟಿದ್ದೆ. ಅಧ್ಯಕ್ಷರಾದ ಮಂಡಿಪೇಟೆಯ ಪರಮೇಶ್ವರಪ್ಪನವರು ಅದನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿ, "ಹರಿಗೋಲು ನಡೆಸೋನ ಹೆಬ್ಬೆಟ್ಟು ತಗಂಡು ಏನ್ ಮಾಡಾದು? ಯಾರಾನ ಮರ್ಯಾದಸ್ಥರನ್ನ ಹುಡುಕ್ರಿ" ಅಂದರಂತೆ. ನಾನು ಎದೆ ತಟ್ಟಿಕೊಂಡೆ. "ನಾನಿಲ್ಲೇನವ್ವ? ತುಂಬಿದ ಹೊಳೆ ಈಜಿ ಬಂದು ನಿಮ್ಮತ್ತೆಗೆ ತಾಳಿ ಕಟ್ಟಿದ ಗಂಡು ನಾನು" ಎಂದು ಮೀಸೆ ತಿರುವಿ ಸಹಿ ಹಾಕಿಕೊಟ್ಟೆ. ಬುಡನ್ ಸಾಬ್ ಅದನ್ನು ಕೇಳಿ ಬೀಡಿ ಹಚ್ಚಿಕೊಂಡ.

ಈಗ ಭಾನುವಾರಕ್ಕೆ ಬರುತ್ತೇನೆ. ಮುಂದೆ ಎರಡು ಕಾರು, ಹಿಂದೆ ಲಾರಿ. ಲಾರಿಯಲ್ಲಿ ನಿನ್ನ ಇಪ್ಪತ್ತೆರಡು ಮಕ್ಕಳು ಜೋಳದ ಚೀಲದ ಹಾಗೆ ಒತ್ತಾಗಿ ನಿಂತು ಬಂದರು. ಕಾರಿನಲ್ಲಿ ಸಮಿತಿಯವರು, ಅವರ ಮನೆಯ ಹೆಂಗಸರು, ಅವರ ಮಕ್ಕಳು. ದಡದಲ್ಲಿ ಶಾಮಿಯಾನ, ಅದರ ಕೆಳಗೆ ಕುರ್ಚಿ, ಕುರ್ಚಿಯ ಪಕ್ಕದಲ್ಲಿ ಶರಬತ್ತಿನ ಕೊಳಗ. ನಿನ್ನ ಮಕ್ಕಳನ್ನು ಎಲ್ಲಿ ನಿಲ್ಲಿಸಿದರು ಗೊತ್ತೇ? ಬರಿಗಾಲಲ್ಲಿ, ಮರಳಿನ ಮೇಲೆ, ಸಾಲಾಗಿ, ಹನ್ನೊಂದು ಗಂಟೆಯ ಬಿಸಿಲಿಗೆ. ಏಪ್ರಿಲ್ ತಿಂಗಳ ಹೊಳೆಯ ಮರಳು ಹುರಿಯುವ ಬಾಣಲೆ ಇದ್ದ ಹಾಗೆ. ಮಕ್ಕಳು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ಕೊಕ್ಕರೆಗಳ ಹಾಗೆ ನಿಂತಿದ್ದವು. ಫೋಟೋದವನು ಕರಿ ಬಟ್ಟೆಯೊಳಗಿನಿಂದ, "ಅಲ್ಲಾಡಬ್ಯಾಡ್ರಿ, ಅಲ್ಲಾಡಬ್ಯಾಡ್ರಿ" ಅನ್ನುತ್ತಿದ್ದ. ಪರಮೇಶ್ವರಪ್ಪನವರು ನೆರಳಿನಲ್ಲಿ ನಿಂತು, "ನಗ್ರೋ, ನಗ್ರಿ! ಪೇಪರ್‌ನಾಗೆ ಬರ್ತೀರಿ" ಅಂದರು. ಫೋಟೋಕ್ಕೆ ಎಲ್ಲರ ತಲೆಗೂ ಒಂದೊಂದು ನೀಲಿ ಟೋಪಿ ಹಾಕಿದರು. ಫೋಟೋ ಮುಗಿದದ್ದೇ ತಡ, ಟೋಪಿಗಳನ್ನೆಲ್ಲ ಕಿತ್ತು ಬುಟ್ಟಿಗೆ ತುಂಬಿಕೊಂಡರು. ಮುಂದಿನ ಕಾರ್ಯಕ್ರಮಕ್ಕೆ ಬೇಕಂತೆ. ಥೂ!

ಆಮೇಲೆ ಭಾಷಣ. ಬಯಲ ಗಾಳಿ, ಸೂರ್ಯನ ಬೆಳಕು, ಬಡ ಮಕ್ಕಳ ಆರೋಗ್ಯ ಎಂದು ಮುಕ್ಕಾಲು ಗಂಟೆ. ಒಂದು ಹುಡುಗ ನೀರು ಕುಡಿದು ಬರ್ತೀನಿ ಎಂದು ಹೊಳೆಯ ಕಡೆ ಹೆಜ್ಜೆ ಹಾಕಿದ್ದಕ್ಕೆ ಗದರಿ ಮತ್ತೆ ಸಾಲಿಗೆ ನಿಲ್ಲಿಸಿದರು. ಅದೇ ಹೊತ್ತಿಗೆ ಕಾರಿನಲ್ಲಿ ಬಂದ ಮಕ್ಕಳು ದಡದ ತಿಳಿನೀರಿನಲ್ಲಿ ಸೋಪು ಹಚ್ಚಿಕೊಂಡು ಆಡುತ್ತಿದ್ದವು. ಇವರನ್ನೂ ಬಿಡಿ ಎಂದು ನಾನು ಬಾಯಿಬಿಟ್ಟು ಕೇಳಿದೆ. ರೇಷ್ಮೆ ಸೀರೆಯ ಒಬ್ಬಾಕೆ ಏನಂದಳು ಗೊತ್ತೇ? "ಮೊದ್ಲು ನಮ್ ಹುಡುಗ್ರು ಆಡ್ಕಳ್ಳಿ. ಇವು ಇಳಿದ್ರೆ ನೀರೆಲ್ಲ ರಾಡಿ ಮಾಡ್ತವೆ." ಹೊಳೆಯ ನೀರು ಕಣೇ ಹಂಪವ್ವ! ಇವಳ ಅಪ್ಪನ ಮನೆಯ ಹಂಡೆ ನೀರಲ್ಲ. ಆ ಮಾತು ಕೇಳಿದಾಗಿನಿಂದ ನನ್ನ ಬಾಯಿಯ ಕಹಿ ಹೋಗಿಲ್ಲ.

ನಿನ್ನ ಮಕ್ಕಳಲ್ಲಿ ಒಬ್ಬಳು ನನ್ನ ಪಕ್ಕಕ್ಕೆ ಬಂದು ನಿಂತಿದ್ದಳು. ಉಡಚಮ್ಮ. ಹತ್ತು ವರ್ಷ ಇರಬಹುದು. ಒಂದು ಒಣ ಸೋರೆಕಾಯಿಗೆ ಸೆಣಬಿನ ಹುರಿ ಹಾಕಿ ಮನೆಯಿಂದಲೇ ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು. ನೀರಿನಲ್ಲಿ ತೇಲಿಸಲಿ ಎಂದು ಅವರಮ್ಮ ಸಂತೆಯೆಲ್ಲ ಹುಡುಕಿ ತಂದದ್ದಂತೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು.

"ತಾತ, ಈಜು ಕಲ್ಸೋರು ನೀವೇ ಏನ್ರಿ?"

"ನಾನೇ."

"ಮತ್ತೆ ನಿಮ್ ಸೋರೆಕಾಯಿ ಎಲ್ಲಿ?"

"ಕಲಿತೋರಿಗೆ ಅದೆಲ್ಲ ಯಾಕವ್ವ?"

"ಹಂಗಾದ್ರೆ ನಂಗೂ ಸಂಜಿಗೆ ಬ್ಯಾಡಾಗ್ತೈತೆ ಬಿಡ್ರಿ" ಎಂದು ಹಲ್ಲು ಬಿಟ್ಟಳು. ಮುಂದಿನ ಎರಡು ಹಲ್ಲಿನ ನಡುವೆ ಕಿಂಡಿ.

ಅಷ್ಟರಲ್ಲಿ ಭಾಷಣ ಮುಗಿದು ಪರಮೇಶ್ವರಪ್ಪನವರು ನನ್ನ ಕಡೆ ತಿರುಗಿದರು. "ಸೂರಪ್ಪನೋರೆ, ಇಳೀರಿ ಮತ್ತೆ. ಮೊದ್ಲು ಆ ಮಡುವಿನಾಗೆ ನೀವೊಂದು ಸುತ್ತು ಈಜಿ ತೋರಿಸ್ರಿ, ಫೋಟೋ ಹಿಡೀತಾನೆ. ಆಮ್ಯಾಲೆ ಮಕ್ಳು." ನಾನು ಅಂಗಿ ಬಿಚ್ಚಿದೆ. ಪಂಚೆ ಮೇಲೆ ಕಟ್ಟಿದೆ. ನೀರಿಗೆ ಇಳಿದೆ. ಸೊಂಟದ ತನಕ ಬಂದಾಗ ನಿಂತೆ. ನಿಂತು ಕೂಗಿದೆ.

"ಮೊಸಳೆ! ಮೊಸಳೆ ಐತೆ, ಓಡ್ರಿ!"

ಓಟವೆಂದರೆ ಅದು! ಅಧ್ಯಕ್ಷರ ಕಚ್ಚೆ ಶಾಮಿಯಾನದ ಹಗ್ಗಕ್ಕೆ ಸಿಕ್ಕಿಕೊಂಡು ಅರ್ಧ ಶಾಮಿಯಾನ ಅವರ ಹಿಂದೆಯೇ ಹೊರಟಿತು. ಶರಬತ್ತಿನ ಕೊಳಗ ರೇಷ್ಮೆ ಸೀರೆಯ ಮೇಲೆ ಮಗುಚಿತು. ಕಾರುಗಳು ಮೊದಲು ಓಡಿದವು, ತಮ್ಮ ಮಕ್ಕಳನ್ನು ಮಾತ್ರ ಎಣಿಸಿಕೊಂಡು. ಇಷ್ಟರ ತನಕ ನನಗೆ ಕುಣಿಯಬೇಕು ಅನ್ನಿಸಿತ್ತು. ಆಮೇಲೆ ಲಾರಿ ಡ್ರೈವರು ನಿನ್ನ ಮಕ್ಕಳನ್ನೂ ಬಾಚಿ ಬಾಚಿ ಲಾರಿಗೆ ತುಂಬಲು ಶುರುಮಾಡಿದ.

ಉಡಚಮ್ಮ ಓಡಲಿಲ್ಲ. ಪಾದ ಮುಳುಗುವಷ್ಟು ನೀರಿಗೆ ಇಳಿದು, ಕೈ ಹಣೆಗಿಟ್ಟು ಹೊಳೆಯುದ್ದಕ್ಕೂ ಹುಡುಕುತ್ತಿದ್ದಳು. "ಎಲ್ಲೈತೆ ತಾತ? ನಂಗೂ ತೋರ್ಸ್ರಿ" ಅಂದಳು. ಡ್ರೈವರು ಅವಳನ್ನು ಕಂಕುಳಿಗೆ ಸೇರಿಸಿ ಎತ್ತಿಕೊಂಡು ಹೋಗುವಾಗ ಹುರಿ ಹರಿದು ಸೋರೆಕಾಯಿ ಮರಳಿಗೆ ಬಿತ್ತು. ಅವಳು ಕೈ ಚಾಚಿದಳು, ಲಾರಿ ನಿಲ್ಲಲಿಲ್ಲ. ಇಪ್ಪತ್ತೆರಡು ಮಕ್ಕಳಲ್ಲಿ ಹೊಳೆಯ ನೀರು ತಾಗಿದ್ದು ಅವಳೊಬ್ಬಳ ಪಾದಕ್ಕೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಹೊಳೆಯಲ್ಲಿ ಮೊಸಳೆ ಇರಲಿಲ್ಲ ಹಂಪವ್ವ. ಎಮ್ಮೆಯೂ ಇರಲಿಲ್ಲ, ತೇಲುವ ಕೊರಡೂ ಇರಲಿಲ್ಲ. ಆ ಜನರನ್ನು ಅಲ್ಲಿಂದ ಓಡಿಸಬೇಕೆಂದೇ ಕೂಗಿದೆ. ಅವರು ಓಡುತ್ತಾರೆ, ಮಕ್ಕಳು ಉಳಿಯುತ್ತವೆ, ಸಾಯಂಕಾಲದ ತನಕ ಹೊಳೆ ಮಕ್ಕಳದೇ ಎಂದುಕೊಂಡೆ. ಇಂಥ ಉಪಾಯ ನಿನ್ನ ಮಾವನಿಗಲ್ಲದೆ ಇನ್ನಾರಿಗೆ ಬಂದೀತು? ಮಕ್ಕಳೂ ಹೋಗುತ್ತಾರೆ ಎಂಬುದು ಮಾತ್ರ ಲೆಕ್ಕಕ್ಕೆ ಬರಲಿಲ್ಲ. ಈಗ ಸಮಿತಿಯವರು ಹೊಳೆ ಅಪಾಯ, ಇನ್ನು ಮುಂದೆ ಗೋದಾಮಿನ ಅಂಗಳದಲ್ಲೇ ಮಕ್ಕಳಿಗೆ ಮಿಠಾಯಿ ಹಂಚುತ್ತೇವೆ ಎನ್ನುತ್ತಿದ್ದಾರಂತೆ. ಗೋದಾಮಿನ ಅಂಗಳ! ಮತ್ತೆ ಅದೇ ಹತ್ತಿಯ ಧೂಳು.

ಆದ್ದರಿಂದ ಕೈ ಬಿಡಬೇಡ. ಇದರ ಜೊತೆ ಬೇರೊಂದು ಹಾಳೆ ಇಟ್ಟಿದ್ದೇನೆ. ಮೊಸಳೆ ಕಂಡೆನೆಂದು ನಾನು ಸುಳ್ಳು ಹೇಳಿದೆ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದ್ದೇನೆ. ಹದಿನೆಂಟರ ಸಭೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದು. ಮರ್ಯಾದಸ್ಥರ ಸಹಿ ಕೇಳಿದ್ದರಲ್ಲ, ಇದೋ ತಗೊಳ್ಳಲಿ. ನಲವತ್ತು ವರ್ಷ ಹರಿಗೋಲು ಹಾಕಿದರೂ ಆ ಮಡುವಿನಲ್ಲಿ ಮೊಸಳೆಯ ಬಾಲವನ್ನೂ ಕಂಡಿಲ್ಲ ಎಂದು ಬುಡನ್ ಸಾಬನೂ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದ್ದಾನೆ. ಈಜು ಕಲಿಸಲು ಅವನ ಹೆಸರನ್ನೇ ಬರೆಸು, ನನ್ನ ಹೆಸರು ತೆಗೆಸು. ನನಗೆ ಅಂಗಡಿಯ ಕೆಲಸ ಜಾಸ್ತಿ. ಲಾರಿ ಕೊಡದಿದ್ದರೆ ಬೇಡ, ಮಕ್ಕಳನ್ನು ಬೆಳಗಿನ ರೈಲಿಗೆ ಹತ್ತಿಸು. ಸ್ಟೇಷನ್ನಿನಿಂದ ಹೊಳೆಗೆ ನನ್ನ ಎತ್ತಿನಗಾಡಿ ಇದೆ.

ಇಂತಿ ನಿನ್ನ ಮಾವ,
ಸೂರಪ್ಪ

ತಾ.ಕ.: ಕಾಗದ ಮಡಿಚಿ ಲಕೋಟೆಗೆ ಹಾಕಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಅವರನ್ನು ಓಡಿಸಲು ಕೂಗಿದೆ ಎಂದು ಬರೆದದ್ದೂ ಸುಳ್ಳು. ನನಗೆ ಈಜು ಬರುವುದಿಲ್ಲ ಕೂಸೇ. ಯಾವತ್ತೂ ಬಂದಿಲ್ಲ. ಮದುವೆಯ ದಿನ ತುಂಬಿದ ಹೊಳೆ ದಾಟಿದ್ದು ಬುಡನ್ ಸಾಬನ ಹರಿಗೋಲಿನಲ್ಲಿ, ಕಣ್ಣು ಮುಚ್ಚಿ, ಮುದುರಿ ಕೂತು. ದಡ ಸಿಗುವ ಮುಂಚೆ ಎರಡು ಚೆಂಬು ನೀರು ತಲೆಯ ಮೇಲೆ ಸುರಿಸಿಕೊಂಡೆ. ಅವನು ಮೂವತ್ತು ವರ್ಷದಿಂದ ಯಾರಿಗೂ ಹೇಳಿಲ್ಲ. ಹೋದ ಭಾನುವಾರ ಸೊಂಟದ ನೀರಿನಲ್ಲಿ ಕಾಲ ಕೆಳಗಿನ ಮರಳು ಜಾರಿತು, ಬಾಯಿಗೆ ಬಂದದ್ದು ಮೊಸಳೆ. ಸಮಿತಿಯವರು ಮಕ್ಕಳನ್ನು ಬಿಸಿಲಿನಲ್ಲಿ ಕಾಯಿಸಿದರು. ಹೊಳೆಯಿಂದ ಓಡಿಸಿದವನು ನಾನು. ಇಷ್ಟು ಹೊತ್ತು ಅವರ ಮೇಲೆ ಉಗುಳಿದ್ದರಲ್ಲಿ ನನ್ನ ಪಾಲೂ ಇದೆ. ನಿಮ್ಮತ್ತೆಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ.

ಸೋಮವಾರದಿಂದ ದಿನಾ ಬೆಳಿಗ್ಗೆ ಬುಡನ್ ಸಾಬ್ ನನ್ನ ಹೊಟ್ಟೆಯ ಕೆಳಗೆ ಕೈಕೊಟ್ಟು, "ಕಾಲು ಬಡೀರಿ ಗೌಡ್ರೆ, ಕಾಲು!" ಎಂದು ಬೈಯುತ್ತಿದ್ದಾನೆ. ಇವತ್ತು ಅವನು ಕೈ ತೆಗೆದ ಮೇಲೂ ಎರಡು ಮಾರು ಹೋದೆ. ಉಡಚಮ್ಮನ ಸೋರೆಕಾಯಿ ನನ್ನ ಬೆನ್ನ ಮೇಲಿದೆ. ಅದೊಂದೇ ನನ್ನ ಭಾರ ತಡೆಯದೆಂದು ಪಕ್ಕದಲ್ಲಿ ಇನ್ನೆರಡು ಕಟ್ಟಿದ್ದಾನೆ. ಅವಳದು ಒಡೆದಿಲ್ಲ, ಹೊಸ ಹುರಿ ಹಾಕಿಸಿದ್ದೇನೆ. ಅವಳು ಬಂದ ದಿನ ವಾಪಸು ಕೊಡುತ್ತೇನೆ, ಅಲ್ಲಿಯ ತನಕ ತಾತನಿಗೆ ಬೇಕಂತೆ ಎಂದು ಹೇಳು.