ಹೇಳದೆ ಬಿಟ್ಟ ಇಪ್ಪತ್ತು ಮನೆ

14 ಅಕ್ಟೋಬರ್ 2025, ಮಂಗಳವಾರ, ಕೋಣಂದೂರು

ಬೇಕೆಂದೇ ಇಪ್ಪತ್ತು ಮನೆಗೆ ಹೇಳದೆ ಬಿಟ್ಟದ್ದು ತಲೆ ತಿನ್ನುತ್ತಿದೆ. ನನ್ನ ಕನ್ನಡಕದ ಅಂಗಡಿಯಲ್ಲಿ ಇವತ್ತು ಉಚಿತ ಕಣ್ಣು ತಪಾಸಣೆ. ಮೆಸೇಜು ನೋಡಿ ಜನ ಬರುತ್ತಾರೋ ಇಲ್ಲವೋ ಎಂದು ತಿಳಿಯಲು ಹಳೇ ಗಿರಾಕಿಗಳಲ್ಲಿ ಇಪ್ಪತ್ತು ಮನೆಗೆ ಕಳಿಸಿ, ಇನ್ನಿಪ್ಪತ್ತು ಮನೆಯನ್ನು ಹೋಲಿಕೆಗೆಂದು ಬಿಟ್ಟಿದ್ದೆ. ನೋಡಿದರೆ ಎರಡೂ ಕಡೆಯವರು ಬಂದರು!

ತುಂಗಮ್ಮನವರು ಮುಖ ಊದಿಸಿಕೊಂಡೇ ಒಳಗೆ ಬಂದರು. “ನಮಗೊಂದು ಮಾತು ಹೇಳ್ಬಾರ್ದಾ ಪೂರ್ಣೇಶಾ? ಪಕ್ಕದ್ಮನೆಯೋರು ಕರ್ಕೊಂಡು ಬರ್ಬೇಕಾಯ್ತಲ್ಲ!”

ಪಕ್ಕದ ಮನೆಗೆ ಹೇಳದೆ ಇಲ್ಲಿ ಯಾರು ಹೊರಡುತ್ತಾರೆ? ಇದೇ ಊರಿನವನಾಗಿ ನಾನು ಅದನ್ನೇ ಮರೆತಿದ್ದೆ.

ಬಿಟ್ಟವರಲ್ಲಿ ಬಾರದವರು ಬೆಳ್ಳಮ್ಮ ಒಬ್ಬರೇ. ಅವರ ಅಕ್ಕಪಕ್ಕದವರಿಗೆಲ್ಲ ಮೆಸೇಜು ಹೋಗಿತ್ತು, ಎಲ್ಲರೂ ಬಂದೂ ಇದ್ದರು. ಅವರಿಗೆ ಮಾತ್ರ ಯಾರೂ ಯಾಕೆ ಹೇಳಲಿಲ್ಲ?

ನಾನೂ ಸೇರಿ.