ಗಾಳಿ ತಾಗದ ಅಂಗಿ

ಟ್ರೊಮ್ಸೊ, ನಾರ್ವೆ
18 ಸೆಪ್ಟೆಂಬರ್ 2025

ಪ್ರೀತಿಯ ಮೋಕ್ಷಿತಾ ಅತ್ತಿಗೆಗೆ ಧನ್ಯಶ್ರೀಯ ನಮಸ್ಕಾರ.

ಇಷ್ಟು ದಿನ ಸುಮ್ಮನಿದ್ದುದಕ್ಕೆ ಕೋಪ ಮಾಡಬೇಡಿ. ಫೋನ್ ಮಾಡಿದರೆ ನಾನೇ ಮೊದಲು ಅಳುತ್ತೇನೆ, ಅದಕ್ಕೇ ಈ ಕಾಗದ.

ಕಳೆದ ವಾರ ಸಂಶೋಧನೆಯ ಕೆಲಸಕ್ಕೆ ನಮ್ಮ ತಂಡದವರು ಉತ್ತರದ ಕಡಲಂಚಿಗೆ ಹೋಗಿದ್ದೆವು. ಒಂದು ಮರವೂ ಇಲ್ಲದ ಜಾಗ. ಸತ್ತ ಪಾಚಿ ಪದರಪದರವಾಗಿ ಕೂತ ಕರಿ ಜೌಗು; ಪೀಟ್ ಅನ್ನುತ್ತಾರೆ. ಕೊಳವೆ ಇಳಿಸಿ ಎತ್ತಿದರೆ ತಳದಲ್ಲಿ ಭೂರ್ಜ ಮರದ ಬೀಜ! ಅಂದರೆ ಆರು ಸಾವಿರ ವರ್ಷದ ಹಿಂದೆ ಅಲ್ಲಿ ಕಾಡಿತ್ತು, ಬೇಸಿಗೆ ಈಗಿನದಕ್ಕಿಂತ ಬೆಚ್ಚಗಿತ್ತು. "ಕೊಳ್ತ ಹುಲ್ಲ್ ಕಾಂಬುಕೆ ಅಷ್ಟ್ ದೂರ ಹೋಯ್ಕಾ?" ಎಂದು ನಾನು ಊರಿಗೆ ಬಂದಾಗಲೆಲ್ಲ ರತನಣ್ಣ ನಗುತ್ತಿದ್ದ. ಕೊಳೆತಿಲ್ಲ ಮಾರಾಯ, ಗಾಳಿ ತಾಗದಲ್ಲಿ ಏನೂ ಕೊಳೆಯುವುದಿಲ್ಲ ಎಂದು ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

ನೀವು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡದ್ದು ನನಗೆ ಗೊತ್ತಿರಲಿಲ್ಲ. ಮೊನ್ನೆ ದೇವು ಮಾವ ಫೋನ್ ಮಾಡಿದ್ದರು. ಕೋಡಿಯಲ್ಲಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ರತನಣ್ಣನ ನಾಡದೋಣಿ ಮಗುಚಿ ವರ್ಷ ದಾಟಿತು, ದೇಹ ಸಿಗಲಿಲ್ಲ. ಅದರ ಬದಲು ದರ್ಭೆಯ ಗೊಂಬೆ ಮಾಡಿ, ಅವನ ಮೈಗೆ ತಾಗಿದ ಬಟ್ಟೆ ಹೊದೆಸಿ ಸುಡಬೇಕಂತೆ. ತೊಳೆಯದೆ ಉಳಿದ ಅಂಗಿ ಒಂದೇ. ಅದನ್ನು ನೀವು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಟೇಪು ಸುತ್ತಿ ಇಟ್ಟಿದ್ದೀರಂತೆ. "ಅವ್ರ್ ಬಪ್ಪಲ್ಲಿವರೆಗೆ ಗಾಳಿ ತಾಗುಕಾಗ, ಧನ್ಯನೇ ಹೇಳಿದ್ದ್" ಅಂದಿರಂತೆ. "ನೀನೇ ಹೇಳ್ ಮಾರಾಯ್ತಿ, ಅವ್ನಿಗೊಂದ್ ದಾರಿ ಆಯ್ಕಲ" ಎಂದು ಮಾವ ಅತ್ತುಬಿಟ್ಟರು.

ಅತ್ತಿಗೆ, ಆ ಮಾತಿನ ಉಳಿದರ್ಧ ಕೇಳಿ. ಪೀಟ್ ಒಡೆದ ಕ್ಷಣ ಪಾಚಿ ಹಸಿರಾಗಿಯೇ ಇರುತ್ತದೆ, ನಿನ್ನೆ ಕಿತ್ತ ಹಾಗೆ. ಗಾಳಿ ತಾಗಿ ನೋಡನೋಡುತ್ತಿದ್ದಂತೆ ಕಪ್ಪಾಗುತ್ತದೆ. ಈ ಸಲ ಎರಡೂ ಅಂಗೈಯಿಂದ ಮುಚ್ಚಿ ಹಿಡಿದೆ, ಜೊತೆಯವರು ನಕ್ಕರು. ಹಸಿರು ನಿಲ್ಲಲಿಲ್ಲ. ಒಡೆದಾಗಲೆಲ್ಲ ಅಣ್ಣ ನನ್ನ ಬೆನ್ನ ಹಿಂದೆ ನಿಂತು ಇಣುಕುತ್ತಾನೆ ಅನಿಸುತ್ತದೆ. ತಿರುಗಿ ನೋಡಲು ಹೆದರಿಕೆ.

ಆ ಡಬ್ಬಿ ಮುಚ್ಚಿರುವಷ್ಟು ದಿನ ಅವನೂ ಅಳಿವೆಯ ತಳದಲ್ಲಿ ಉಸಿರು ಬಿಗಿಹಿಡಿದು ಮಲಗಿದ್ದಾನೆ ಎಂದು ನನಗೆ ಸಂಕಟವಾಗುತ್ತದೆ. ತೆರೆಯಿರಿ ಅತ್ತಿಗೆ. ಮೊದಲು ಬಾಗಿಲು ಹಾಕಿಕೊಂಡು ನೀವೊಬ್ಬರೇ ಅಂಗಿಗೆ ಮುಖ ಒತ್ತಿ ಹಿಡಿಯಿರಿ, ಸಾಕೆನಿಸುವವರೆಗೆ. ಯಾರು ಕರೆದರೂ ಓಗೊಡಬೇಡಿ. ಆಮೇಲೆ ಮಾವನ ಕೈಗೆ ಕೊಡಿ.

ಅಮ್ಮನಿಗೆ ನಮಸ್ಕಾರ ತಿಳಿಸಿ. ದೇವರು ನಿಮಗೆ ಒಂದು ರಾತ್ರಿಯಾದರೂ ಪೂರ್ತಿ ನಿದ್ದೆ ಕೊಡಲಿ.

ನಿಮ್ಮ
ಧನ್ಯ

ಇನ್ನೊಂದು ಮಾತು: ಆರು ಸಾವಿರ ವರ್ಷ ಹಿಂದಿನ ಬೇಸಿಗೆ ಹೇಗಿತ್ತೆಂದು ಹೇಳಬಲ್ಲೆ. ಅಣ್ಣನ ಹೆಗಲ ಮೇಲೆ ಬೆಳೆದವಳು, ಅವನ ಮೈವಾಸನೆ ಹೇಗಿತ್ತೆಂದು ನನಗೆ ನೆನಪಾಗುತ್ತಿಲ್ಲ. ಡಬ್ಬಿ ತೆರೆದ ಕೂಡಲೇ, ಅದು ಹೋಗಿಬಿಡುವ ಮೊದಲು, ಹೇಗಿತ್ತೆಂದು ನನಗೆ ಬರೆಯಿರಿ.